ತಡವಾಗಿ ಬಂದ ಸೂಜಿ

ನಾನು ಯಳವಿಗೆ ಸೊಸೆಯಾಗಿ ಹೋದಾಗ ಆ ಮನೆಯ ಹೆಂಗಸರಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ನನ್ನ ತವರು ಜತ್ತ. ಅಲ್ಲಿಯ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೆ. ಮನೆಯ ಮಾತು ಕನ್ನಡ, ಕಲಿತ ಅಕ್ಷರ ಮರಾಠಿಯದು. ನಮ್ಮ ಕಡೆ ಬಹಳ ಮಂದಿಗೆ ಹಾಗೆಯೇ ಇತ್ತು. ಮಾವನವರದು ಕಿರಾಣಿ ಅಂಗಡಿ, ಜೊತೆಗೆ ಒಂದಿಷ್ಟು ಹೊಲ. ಅಂಗಡಿಗೆ ಜತ್ತದಿಂದ ಬಸ್ಸಿನ ಮೇಲೆ ಪುಣೆಯ ಪೇಪರು ಬರುತ್ತಿತ್ತು. ಗಂಡಸರು ಓದಿ ಮುಗಿಸಿ, ಅದನ್ನು ಹರಿದು ಸಕ್ಕರೆ, ಬೇಳೆಯ ಪೊಟ್ಟಣ ಕಟ್ಟುವ ಮೊದಲು, ಮಧ್ಯಾಹ್ನದ ಹೊತ್ತಿಗೆ ಅದು ಒಳಗೆ ನನ್ನ ಕೈಗೆ ಬರುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ನಾನು ಮರಾಠಿಯಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಪಕ್ಕದ ಮನೆಯ ಪಿಂಜಾರ ಚಾಚಿಯೂ ಆ ಹೊತ್ತಿಗೆ ಎದ್ದು ಬರುತ್ತಿದ್ದರು. ಅವರ ಮನೆಯವರು ಹತ್ತಿ ಎಕ್ಕಿ ಗಾದಿ ಹೊಲಿಯುವವರು; ಚಾಚಿಯ ಸೀರೆಗೆ, ಹುಬ್ಬಿಗೆ ಯಾವಾಗಲೂ ಹತ್ತಿಯ ಎಳೆ ಅಂಟಿರುತ್ತಿತ್ತು.

ಜತ್ತದ ಸಂಸ್ಥಾನ ಹೋಗಿ ಆಗಲೇ ಎಂಟೊಂಬತ್ತು ವರ್ಷವಾಗಿತ್ತು. ಆ ಬೇಸಿಗೆಯ ಕೊನೆಗೆ ಪೇಪರಿನಲ್ಲಿ ಹೊಸದೊಂದು ಜ್ವರದ ಸುದ್ದಿ ಬರಲು ಶುರುವಾಯಿತು. ದೂರದ ಯಾವುದೋ ದೇಶದಿಂದ ಹಡಗಿನಲ್ಲಿ ಮದರಾಸಿಗೆ ಬಂತು ಎಂದು ಮೊದಲು ಓದಿದೆ. ಆಮೇಲೆ ಮುಂಬಯಿಗೆ ಬಂತು ಎಂದು ಓದಿದೆ. ಗಿರಣಿಗಳಲ್ಲಿ ಅರ್ಧ ಮಂದಿ ಕೆಲಸಕ್ಕೆ ಬರುತ್ತಿಲ್ಲ, ದವಾಖಾನೆಗಳ ಮುಂದೆ ಬೀದಿಯುದ್ದ ಜನ ನಿಂತಿದ್ದಾರೆ ಎಂದು ಬರೆದಿದ್ದರು. ಅತ್ತೆ ಜೋಳದ ಮೊರ ಕೆಳಗಿಟ್ಟರು.

"ಇದು ಮಾನಮೋಡಿನ ಇರಬೇಕು," ಅಂದರು.

ಮಾನಮೋಡಿ ಎಂಬ ಮಾತನ್ನು ನಾನು ಅದಕ್ಕೂ ಮೊದಲು ಕೇಳಿದ್ದೆ. ಹಿರಿಯರು ಆಡುತ್ತಿದ್ದ ಮಾತು, ಕುತ್ತಿಗೆ ಮುರಿಯುವ ಬೇನೆ ಎಂದು ಅರ್ಥ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರ ಅದು. ಆಗ ಅತ್ತೆ ಇನ್ನೂ ಹುಡುಗಿ. ತಾಯಿಯನ್ನೂ ಇಬ್ಬರು ಅಣ್ಣಂದಿರನ್ನೂ ಆ ಜ್ವರ ಒಯ್ದಿತ್ತು. ಮಣ್ಣು ಕೊಡಲು ಊರಲ್ಲಿ ಗಟ್ಟಿ ಗಂಡಸರಿರಲಿಲ್ಲವಂತೆ, ತಂದೆ ಒಬ್ಬರೇ ಕುಣಿ ತೋಡಿದರಂತೆ. ಇದನ್ನು ಅವರು ಅಳುತ್ತ ಹೇಳಲಿಲ್ಲ. ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿ, ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದರು. ಆದರೆ ಕಣ್ಣು ಮಾತ್ರ ಪಡಸಾಲೆಯ ಮೂಲೆಯಲ್ಲಿ ಮಲಗಿದ್ದ ಮಗಳ ಮೇಲಿತ್ತು.

ಆ ಮಗಳು ನನ್ನ ನಾದಿನಿ. ಅವಳನ್ನು ಅಸಂಗಿಗೆ ಕೊಟ್ಟಿದ್ದರು. ಮೊದಲ ಬಸಿರು. ಸೀಮಂತದ ಕುಬಸ ಮುಗಿಸಿಕೊಂಡು ಹಡೆಯಲು ತವರಿಗೆ ಬಂದಿದ್ದಳು. ನಾವಿಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ನನಗೆ ಇನ್ನೂ ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ನಾನು ಮನಸ್ಸು ಬಿಚ್ಚಿ ನಗುತ್ತಿದ್ದದ್ದು ಅವಳಿದ್ದಾಗ ಮಾತ್ರ. ಊರಿನ ಹಿರಿಯರು ನಡೆಯುವ ರೀತಿ, ಅವಳ ಅತ್ತೆ ಬೈಯುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು. ಹುಣಸೆಕಾಯಿಗೆ ಉಪ್ಪು ಹಚ್ಚಿ ತಿನ್ನುತ್ತ ನನ್ನ ಪಕ್ಕದಲ್ಲಿ ಮಲಗಿ, "ಹೂಂ ವೈನಿ, ಮುಂದ ಏನ ಬರದಾರ?" ಎಂದು ಕೇಳುತ್ತಿದ್ದಳು. ತಾಟಿನಲ್ಲಿ ಬೂದಿ ಹರಡಿಕೊಂಡು ನನ್ನಿಂದ ನಾಲ್ಕಾರು ಅಕ್ಷರವನ್ನೂ ಕಲಿತಿದ್ದಳು.

ಆಮೇಲೊಂದು ದಿನ ಪೇಪರಿನಲ್ಲಿ ಆ ಜ್ವರಕ್ಕೆ ಲಸಿಕೆ ತಯಾರಾಗುತ್ತಿದೆ ಎಂದು ಬಂತು. ಮರಾಠಿಯಲ್ಲಿ 'ಲಸ' ಎಂದಿತ್ತು. ನಾನು ಸೂಜಿ ಎಂದು ಹೇಳಿದೆ, ಮನೆಯಲ್ಲಿ ಎಲ್ಲರೂ ಅದಕ್ಕೆ ಸೂಜಿ ಎಂದೇ ಅನ್ನತೊಡಗಿದರು.

"ನಮ್ಮೂರಿಗೂ ಬರತೈತೇನ ವೈನಿ?" ನಾದಿನಿ ಕೇಳಿದಳು.

"ಹಂಗಂತ ಏನ ಬರದಿಲ್ಲ. ಲಗೂನ ಮಾಡಾಕತ್ತಾರ ಅಂತ ಬರದಾರ."

"ಚುಚ್ಚಿದ್ರ ಭಾಳ ನೋವ ಆಕ್ಕೈತೇನು?"

ಅವಳಿಗೆ ಸೂಜಿಯೆಂದರೆ ಚಿಕ್ಕಂದಿನಿಂದ ಭಯ. ಮೈಲಿ ಬರದಿರಲೆಂದು ಸರ್ಕಾರದವರು ಮಕ್ಕಳ ತೋಳಿಗೆ ದೇವಿ ಹಾಕಲು ಬಂದಾಗ ಅವಳು ಮೇವಿನ ಬಣವೆಯಲ್ಲಿ ಅಡಗಿದ್ದಳಂತೆ. ಅಲ್ಲಿಂದ ಎಳೆದು ತಂದು ಹಾಕಿಸಿದ ಕಲೆ ಅವಳ ತೋಳಿನ ಮೇಲೆ ಇನ್ನೂ ಇತ್ತು.

ಆ ದಿನದಿಂದ ಊರಿನಲ್ಲಿ ಅದೇ ಮಾತು. ಅಂಗಡಿಯ ಕಟ್ಟೆಯ ಮೇಲೆ ಗಂಡಸರು ಆಡುತ್ತಿದ್ದದ್ದು ಬಾಗಿಲ ಹಿಂದೆ ನಿಂತ ನಮಗೆ ಕೇಳಿಸುತ್ತಿತ್ತು. ಸೈನ್ಯ ಬಿಟ್ಟು ಬಂದ ಒಬ್ಬರಿದ್ದರು. ಅವರು ಹೇಳುತ್ತಿದ್ದರು: "ನಮಗ ಪಲ್ಟನದಾಗ ಸಾಲ ಹಚ್ಚಿ ಎರಡೂ ತೋಳಿಗೆ ಚುಚ್ಚತಿದ್ರು. ಅದರಾಗ ಏನೈತಿ ಅಂತ ಯಾರೂ ಕೇಳಲಿಲ್ಲ. ನಾ ಇಲ್ಲೇ ನಿಮ್ಮ ಮುಂದ ಕುಂತೀನಲ್ಲ."

ಮಾವನವರಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. "ಬ್ಯಾನಿ ಬಂದದ್ದು ಮೊನ್ನಿ. ಇವತ್ತ ಔಷಧ ಬಂತಂದ್ರ, ಅದನ್ನ ಯಾವಾಗ ಮಾಡಿದ್ರು, ಯಾವಾಗ ಪರೀಕ್ಷಾ ಮಾಡಿದ್ರು? ಮೊದಲ ನಮ್ಮ ಮ್ಯಾಲೆ ಹಾಕಿ ನೋಡತಾರೇನು?" ಎನ್ನುತ್ತಿದ್ದರು. ಆದರೆ ಅವರ ಬಳಿ ಬೇರೆ ದಾರಿಯೂ ಇರಲಿಲ್ಲ.

ಒಳಗೆ ಚಾಚಿಯನ್ನು ಅತ್ತೆ ಕೇಳಿದರು, ನೀವೇನಂತೀರಿ ಎಂದು. ಚಾಚಿ ಸೀರೆಗೆ ಅಂಟಿದ ಹತ್ತಿಯ ಎಳೆ ಬಿಡಿಸುತ್ತ ಹೇಳಿದರು: "ಕಾಲರಾ ಬಂದಾಗ ನನ್ನ ಮಗಳು ಸೂಜಿ ಹಾಕಿಸ್ಕೊಂಡು ಉಳದ್ಲು. ನನ್ನ ತಂಗಿ ಹಾಕಿಸ್ಕೊಳ್ಳಲಿಲ್ಲ, ಹೋದ್ಲು. ಎದುರು ಮನಿ ಹುಡುಗ ಹಾಕಿಸ್ಕೊಂಡೂ ಹೋದ. ಯಾವುದನ್ನ ಹಿಡಕೊಂಡು ಮಾತಾಡ್ಲಿ ನಾನು?"

ಇನ್ನೊಂದು ಮಧ್ಯಾಹ್ನ, ಆ ಲಸಿಕೆಯನ್ನು ಹೇಗೆ ಮಾಡುತ್ತಾರೆ ಎಂಬ ಬರಹ ಬಂದಿತ್ತು. ನಾನು ಓದುತ್ತ ಹೇಳುತ್ತ ಹೋದೆ. ರೋಗದ ಬೀಜವನ್ನು ಕೋಳಿಯ ತತ್ತಿಯೊಳಗೆ ಬೆಳೆಸುತ್ತಾರೆ, ಆಮೇಲೆ ಅದನ್ನು ಕೊಂದು ಔಷಧ ಮಾಡುತ್ತಾರೆ ಎಂದಿತ್ತು. ತತ್ತಿ ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ ಅತ್ತೆ ಕೈ ಎತ್ತಿ ತಡೆದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಆ ಮನೆಯ ಒಲೆಯ ಹತ್ತಿರ ತತ್ತಿ ಎಂಬ ಮಾತನ್ನೂ ಆಡುತ್ತಿರಲಿಲ್ಲ.

"ಸಾಕವಾ. ಬ್ಯಾರೆ ಏನರ ಓದು," ಅಂದರು.

ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆಗ ನಗಬಹುದಾಗಿತ್ತು. ಜ್ವರ ಇನ್ನೂ ಪೇಪರಿನಲ್ಲಿಯೇ ಇತ್ತು.

ಅದು ಮನೆಯೊಳಗೆ ಬಂದದ್ದು ನಮ್ಮವರ ಜೊತೆ, ನನ್ನ ಗಂಡನ ಜೊತೆ. ಮಿರಗದ ಮಳೆ ಕೂಡುವ ಮೊದಲು ಅಂಗಡಿಯ ಮಾಲು ತರಲು ಅವರು ಪ್ರತಿ ವರ್ಷ ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಆ ವರ್ಷ ಹೋಗಬೇಡ ಎಂದು ಅತ್ತೆ ಹೇಳಿದರು, ಹೋಗದಿದ್ದರೆ ಮಳೆಗಾಲಕ್ಕೆ ಅಂಗಡಿಯಲ್ಲಿ ಏನಿಡುವುದು ಎಂದು ಮಾವ ಹೇಳಿದರು. ಹೋಗಿ ಬಂದರು. ಬಂದ ಮರುದಿನ ಸಂಜೆ ಮೈಕೈ ನೋವೆಂದು ಮಲಗಿದವರಿಗೆ ಬೆಳಗಾಗುವುದರೊಳಗೆ ಕೆಂಡದಂಥ ಜ್ವರ. ಕಣ್ಣು ಕೆಂಪಗಾಗಿ, ಮಾತು ತಪ್ಪಿ, ಸೊಲ್ಲಾಪುರದ ಅಡತಿಯವರ ಜೊತೆ ಬೆಲ್ಲದ ಚೌಕಾಸಿ ಮಾಡುತ್ತಿದ್ದರು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಮಾವನವರಿಗೂ ಬಂತು. ಎರಡು ಮೂರು ದಿನದಲ್ಲಿ ಓಣಿಯಲ್ಲಿ ಕೆಮ್ಮು ಕೇಳದ ಮನೆ ಇರಲಿಲ್ಲ. ಶಾಲೆ ತೆರೆದದ್ದು ಮತ್ತೆ ಮುಚ್ಚಿತು. ಮಳೆ ಬಿದ್ದು ಹೊಲ ಹದವಾದರೂ ಬಿತ್ತಲು ಕೂರಿಗೆ ಹೂಡುವವರಿಲ್ಲದೆ ಎತ್ತುಗಳು ಮನೆಯ ದಂದಕ್ಕಿಯಲ್ಲಿ ಕಟ್ಟಿದಲ್ಲಿಯೇ ನಿಂತಿದ್ದವು.

ನಾದಿನಿಯನ್ನು ಅಸಂಗಿಗೆ ಕಳಿಸಿಬಿಡೋಣ ಎಂದು ಅತ್ತೆ ಹೇಳಿದರು. ಅಷ್ಟರಲ್ಲಿ ಅಲ್ಲಿಂದ ಬಂದವರೊಬ್ಬರು, ಅಲ್ಲಿಯೂ ಬಂದಿದೆ, ಅವಳ ಮಾವ ಮಲಗಿದ್ದಾರೆ ಎಂದರು. ಇನ್ನೆಲ್ಲಿಗೆ ಕಳಿಸುವುದು? ಹಿತ್ತಲ ಕಡೆ ಕಾಳಿನ ಚೀಲ ಇಡುವ ಖೋಲಿಯನ್ನು ತೆರವು ಮಾಡಿ ಅವಳನ್ನು ಅಲ್ಲಿರಿಸಿದರು. ಅವಳ ಸೆರಗಿಗೆ ಕರ್ಪೂರ, ಓಂಕಾಳಿನ ಗಂಟು ಕಟ್ಟಿದರು. ನಾನು ಜ್ವರದವರ ಹತ್ತಿರ ಇರುವವಳು ಎಂದು ನನ್ನನ್ನು ಆ ಕಡೆ ಬಿಡಲಿಲ್ಲ. ಅವಳು ಗೋಡೆಯ ಆಚೆಯಿಂದ ಕೂಗುತ್ತಿದ್ದಳು, "ವೈನಿ, ಪೇಪರದಾಗ ಏನೈತಿ?" ನಾನು ಈಚೆಯಿಂದ ಗಟ್ಟಿಯಾಗಿ ಹೇಳುತ್ತಿದ್ದೆ. ಒಂದು ದಿನ ಸೂಜಿ ತಯಾರಾಯಿತು ಎಂದಿತ್ತು. ಮರುದಿನ, ತಯಾರಾದದ್ದು ಬಹಳ ಕಡಿಮೆ ಎಂದಿತ್ತು. ಇನ್ನೊಂದು ದಿನ, ಅದನ್ನು ಬರ್ಫದಲ್ಲಿ ಇಡಬೇಕು, ಬಿಸಿಲಿಗೆ ಕೆಡುತ್ತದೆ ಎಂದಿತ್ತು. ಮತ್ತೊಂದು ದಿನ ದೊಡ್ಡ ಡಾಕ್ಟರೊಬ್ಬರು ಹೆದರಬೇಕಾದ್ದಿಲ್ಲ, ಇದು ಸಾದಾ ಜ್ವರ ಎಂದಿದ್ದರು. ಅದರ ಕೆಳಗೇ ಸತ್ತವರ ಸುದ್ದಿಯಿತ್ತು. ಅದನ್ನು ನಾನು ಕೂಗಿ ಹೇಳಲಿಲ್ಲ.

ನಮ್ಮವರು ಎದ್ದು ಕೂತರು. ಮಾವನವರ ಜ್ವರವೂ ಇಳಿಯಿತು. ಓಣಿಯಲ್ಲಿ ಬಹಳ ಮಂದಿ ಹಾಗೆಯೇ ಎದ್ದರು. ಆದರೆ ಕೆಳಗಿನ ಓಣಿಯಲ್ಲಿ ಒಬ್ಬ ಬಸುರಿ ತೀರಿಕೊಂಡಳು ಎಂಬ ಸುದ್ದಿಯನ್ನು ಚಾಚಿ ತಂದರು. ಹಿಂದಿನ ದಿನದವರೆಗೆ ನೀರು ಹೊತ್ತ ಹುಡುಗಿಯಂತೆ. ಅತ್ತೆ ಆ ಮಾತು ಕೇಳಿ ಎದ್ದು ದೇವರ ಜಗಲಿಯ ಮುಂದೆ ಹೋಗಿ ಕೂತರು. ಬಹಳ ಹೊತ್ತಿನ ಮೇಲೆ ಬಂದು ನನಗೆ ಹೇಳಿದರು:

"ಚಕ್ಕಡಿ ಹೂಡಾಕ ಹೇಳು. ಜತ್ತಕ್ಕ ಹೋಗೂಣು. ಆ ಸೂಜಿ ಹಾಕಿಸಿ ತರೂಣು."

"ಅತ್ತಿ, ಅದು ತತ್ತೀದು," ಎಂದೆ.

"ಗೊತ್ತೈತಿ ನನಗ. ಏನರ ಆಗ್ಲಿ. ಪಾಪ ಬಂದ್ರ ನನಗ ಬರ್ಲಿ, ನಾ ಕಟಗೋತೀನಿ."

ಮಾವ ಗೊಣಗಿದರು, ಬಸುರಿಗೆ ಹೊಸ ಔಷಧ ಹಾಕಿಸಿ ಏನಾದರೂ ಆದರೆ ಬೀಗರಿಗೆ ಏನು ಹೇಳುವುದು ಎಂದರು. ಅತ್ತೆ ದಾರಿಗೆ ರೊಟ್ಟಿ ಕಟ್ಟತೊಡಗಿದರು. ಆ ಮನೆಯಲ್ಲಿ ಮಾವನವರ ಮಾತನ್ನು ಅತ್ತೆ ಮೀರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಚಾಚಿಯ ಮನೆಯಿಂದ ತಂದ ಹೊಸ ಗಾದಿ ಹಾಸಿ ನಾದಿನಿಯನ್ನು ಕೂರಿಸಿದೆವು. ನಮ್ಮವರು ಇನ್ನೂ ನಿಶ್ಶಕ್ತರಾಗಿದ್ದರೂ ತಾವೇ ಎತ್ತು ಹೊಡೆದುಕೊಂಡು ಬಂದರು. ದಾರಿಯುದ್ದಕ್ಕೂ ಅವರು ಹಿಂದೆ ತಿರುಗಿ ನೋಡಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಬಂದವರು ತಾವೇ ಎಂಬುದು ಅವರ ಬೆನ್ನಿನಲ್ಲಿಯೇ ಕಾಣುತ್ತಿತ್ತು. ನಾದಿನಿಗೆ ಮಾತ್ರ ಬಹಳ ದಿನದ ಮೇಲೆ ಹೊರಗೆ ಬಂದ ಖುಷಿ. ಹಸಿ ಮಣ್ಣಿನ ವಾಸನೆ ಎಳೆದುಕೊಳ್ಳುತ್ತ, "ಸೂಜಿ ಚುಚ್ಚೂವಾಗ ನನ್ನ ಕೈ ಹಿಡಕೋರಿ ವೈನಿ, ನಾ ಓಡಿ ಹೋದೇನು," ಎಂದಳು.

ದವಾಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಕಂಬಳಿ ಹೊದ್ದು ಮಲಗಿದ್ದರು, ಗೋಡೆಗೆ ಆತು ಕೂತಿದ್ದರು. ಸೂಜಿ ಬಂದಿದೆಯಂತೆ, ಇಲ್ಲವಂತೆ, ಬಂದದ್ದನ್ನು ಸಾಹೇಬರ ಮನೆಯವರಿಗೆ ಹಾಕಿದರಂತೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಡಾಕ್ಟರು ಸಾಂಗಲಿ ಕಡೆಯವರು, ವಯಸ್ಸಿನ್ನೂ ಚಿಕ್ಕದು. ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಕಲಿತವರು. ನಮ್ಮ ಸರದಿ ಬಂದಾಗ ಅವರ ಕಣ್ಣು ನಿದ್ದೆಯಿಲ್ಲದೆ ಬಾತಿತ್ತು. ನಾದಿನಿಯ ನಾಡಿ, ಎದೆ, ಹೊಟ್ಟೆ ನೋಡಿ, "ಈಗ ಏನೂ ಇಲ್ಲ. ಚಲೋ ಅದಾಳ. ಯಾಕ ತಂದ್ರಿ ಇಲ್ಲಿ, ಈ ಮಂದ್ಯಾಗ?" ಎಂದರು.

ಅತ್ತೆ ಕೈ ಮುಗಿದು ಸೂಜಿಯ ಮಾತು ಹೇಳಿದರು.

ಡಾಕ್ಟರು ಒಮ್ಮೆ ಕಿಟಕಿಯ ಹೊರಗೆ ನೋಡಿದರು. "ಆಯಿ, ಬಂದದ್ದು ಒಂದ ಸಣ್ಣ ಡಬ್ಬಿ. ರೋಗಿ ಮುಟ್ಟಾವ್ರಿಗೆ ಅಷ್ಟ ಹಾಕಬೇಕಂತ ಹುಕುಂ ಐತಿ. ನಾನು, ಕಂಪೌಂಡರು, ನರ್ಸಬಾಯಿ, ಕಸಾ ಹೊಡ್ಯಾವ್ರು, ಇಷ್ಟ ಮಂದಿಗೇ ಮುಗದೈತಿ. ಮತ್ತ ಯಾವಾಗ ಬರತೈತೋ ನನಗೂ ಹೇಳಿಲ್ಲ."

"ನೀವು ಹಾಕಿಸ್ಕೊಂಡೀರೇನ್ರಿ?" ನಾದಿನಿ ಕೇಳಿದಳು. ಅವಳು ಹಾಗೆ ನೇರವಾಗಿ ಕೇಳಿದ್ದಕ್ಕೆ ಡಾಕ್ಟರು ಸ್ವಲ್ಪ ನಕ್ಕರು.

"ಹಾಕಿಸ್ಕೊಂಡೀನಿ ತಂಗಿ. ಎರಡ ದಿವಸ ಕೈ ಎತ್ತಾಕ ಬರಲಿಲ್ಲ. ಜ್ವರ ತಡೀತೈತೋ ಇಲ್ಲೋ, ಅದನ್ನ ಇನ್ನ ನೋಡಬೇಕು."

"ಬಸುರಿಗೆ ಹಾಕಬೌದೇನ್ರಿ?" ಅತ್ತೆ ಕೇಳಿದರು. "ಇದ್ದಿತ್ತಂದ್ರ ಹಾಕತಿದ್ರೇನು?"

ಡಾಕ್ಟರು ಹುಕುಮಿನ ಕಾಗದವನ್ನು ತಿರುವಿ ನೋಡಿದರು. "ಅದನ್ನ ಬರದ ಕಳಿಸಿಲ್ಲ ಆಯಿ. ಯಾರರ ಹಾಕಿ ನೋಡ್ಯಾರೋ ಇಲ್ಲೋ ನನಗ ಗೊತ್ತಿಲ್ಲ."

"ನಿಮ್ಮ ಸ್ವಂತ ತಂಗಿ ಆಗಿದ್ರ?"

ಹೊರಗೆ ಯಾರೋ ಕೆಮ್ಮುತ್ತಿದ್ದರು, ನಿಲ್ಲದೆ. ಡಾಕ್ಟರು ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟರು. "ಗೊತ್ತಿಲ್ಲ ಆಯಿ," ಅಂದರು. "ಸುಳ್ಳ ಹೇಳಾಕ ಬರೂದಿಲ್ಲ ನನಗ."

ಅವರು ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತೇನೋ ಎಂದು ಎಷ್ಟೋ ವರ್ಷ ಅನಿಸಿದೆ ನನಗೆ. ಒಂದು ಗುಳಿಗೆ ಕೊಟ್ಟು, ಇದೇ ಆ ಔಷಧ ಎಂದಿದ್ದರೆ ನಾವು ಆ ದಿನ ಸಮಾಧಾನದಿಂದ ಮನೆಗೆ ಬರುತ್ತಿದ್ದೆವು. ಅವರು ಕೊಟ್ಟದ್ದು ಜ್ವರ ಬಂದರೆ ತಿನ್ನಲು ಕೆಲವು ಗುಳಿಗೆ, ಮಂದಿಯಲ್ಲಿ ಸೇರಬೇಡಿ ಎಂಬ ಮಾತು.

ದವಾಖಾನೆಯಿಂದ ಹೊರಗೆ ಬಂದಾಗ ಒಬ್ಬರು ನಮ್ಮವರಿಗೆ ಹೇಳಿದರು, ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ವೈದ್ಯ ಮುಂಬಯಿಯಿಂದ ತರಿಸಿದ ಕೆಂಪು ಔಷಧದ ಸೂಜಿ ಹಾಕುತ್ತಾನೆ, ಈ ಜ್ವರ ಹತ್ತಿರವೂ ಸುಳಿಯುವುದಿಲ್ಲವಂತೆ ಎಂದು. ನನಗೆ ಅದು ಸರಿ ಕಾಣಲಿಲ್ಲ. ಆದರೆ ಬೇಡ ಎನ್ನಲು ನನ್ನ ಬಳಿ ಬೇರೆ ಏನಿತ್ತು? ಚಕ್ಕಡಿಯನ್ನು ಆ ಕಡೆ ತಿರುಗಿಸಿದೆವು. ಬಾಗಿಲ ಮುಂದೆ ಜನ ನಿಂತಿದ್ದರು, ಬಾಗಿಲು ಮುಚ್ಚಿತ್ತು. ಒಳಗಿನಿಂದ ಒಬ್ಬ ಮುದುಕಿ ಅರ್ಧ ಬಾಗಿಲು ತೆರೆದು, ವೈದ್ಯರಿಗೇ ಜ್ವರ ಬಂದು ಮಲಗಿದ್ದಾರೆ, ಹೋಗಿರಿ ಎಂದಳು. ಯಾರೂ ಹೋಗಲಿಲ್ಲ. ನಾವು ಬಂದೆವು. ದಾರಿಯಲ್ಲಿ ನಾದಿನಿ, ಅರ್ಧ ಬಾಗಿಲಿನಿಂದ ಇಣುಕಿದ ಆ ಮುದುಕಿಯ ಹಾಗೆ ಮುಖ ಮಾಡಿ ತೋರಿಸಿದಳು. ಅತ್ತೆಯೂ ನಕ್ಕರು.

ಅವಳಿಗೆ ಜ್ವರ ಬಂದದ್ದು ಕಾರಹುಣ್ಣಿಮೆಯ ಎಡಬಲದಲ್ಲಿ. ದವಾಖಾನೆಯ ಅಂಗಳದಿಂದ ಹತ್ತಿತೋ, ಮನೆಯೊಳಗಿನಿಂದ ಹತ್ತಿತೋ, ಯಾರು ಹೇಳಬಲ್ಲರು? ಅತ್ತೆ ಮಾತ್ರ, ನಾನೇ ಕರಕೊಂಡು ಹೋದೆ ಎಂದು ಒಮ್ಮೆ ಅಂದರು. ಮತ್ತೆ ಆ ಮಾತು ಆಡಲಿಲ್ಲ. ಇನ್ನು ಬೇರೆ ಇಡುವ ಅರ್ಥವಿಲ್ಲವೆಂದು ನನ್ನನ್ನು ಅವಳ ಹತ್ತಿರ ಬಿಟ್ಟರು. ಮೊದಲ ದಿನ ಎಲ್ಲರ ಹಾಗೆಯೇ ಇತ್ತು: ತಲೆನೋವು, ಸೊಂಟನೋವು, ಚಳಿ. ಶುಂಠಿ, ತುಳಸಿಯ ಕಷಾಯ ಕುಡಿಸಿದೆವು, ಡಾಕ್ಟರು ಕೊಟ್ಟ ಗುಳಿಗೆ ನುಂಗಿಸಿದೆವು. ಒಂದು ಬೆಳಗ್ಗೆ ಜ್ವರ ಇಳಿದು ಗಂಜಿ ಬೇಡಿ ಕುಡಿದಳು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಅದೇ ಸಂಜೆ ಮತ್ತೆ ಏರಿತು. ಈ ಸಲ ಕೆಮ್ಮು ಬೇರೆ ಥರ ಇತ್ತು. ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಗೋಡೆಗೆ ಗಾದಿ ಒಟ್ಟಿ ಕೂರಿಸಿದೆವು. ತುಟಿಯ ಬಣ್ಣ ನೇರಳೆಗೆ ತಿರುಗಿದ್ದನ್ನು ನಾನು ಕಂಡೆ. ಅತ್ತೆಯೂ ಕಂಡರು.

ಬೆಳಕು ಹರಿಯುತ್ತಲೇ, ಶೇಂಗಾ ತುಂಬಿಕೊಂಡು ಜತ್ತಕ್ಕೆ ಹೊರಟಿದ್ದ ಒಂದು ಲಾರಿಯನ್ನು ನಮ್ಮವರು ದಾರಿಯಲ್ಲಿ ನಿಲ್ಲಿಸಿ, ಚೀಲ ಇಳಿಸಿ ಜಾಗ ಮಾಡಿಸಿದರು. ಚಾಚಿ ನಮ್ಮ ಜೊತೆ ಹತ್ತಿ ಕೂತರು. ಯಾರೂ ಕರೆದಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಡಾಕ್ಟರು ಎದೆಗೆ ಕಿವಿಗೊಟ್ಟು, ನ್ಯುಮೋನಿಯಾ ಆಗಿದೆ ಎಂದರು. ಪೆನಿಸಿಲಿನ್ ಹಾಕಿದರು. ಆ ಕಾಲದಲ್ಲಿ ಪೆನಿಸಿಲಿನ್ ಎಂದರೆ ಸತ್ತವರನ್ನು ಎಬ್ಬಿಸುವ ಔಷಧ ಎಂಬಂತೆ ಜನ ಮಾತಾಡುತ್ತಿದ್ದರು. ಆ ಹೆಸರು ಕೇಳಿ ನನಗೆ ಧೈರ್ಯ ಬಂತು. ಸೂಜಿ ಚುಚ್ಚುವಾಗ ನಾನು ನಾದಿನಿಯ ಕೈ ಹಿಡಿದುಕೊಂಡೆ. ಅವಳು ಅತ್ತ ನೋಡಲೂ ಇಲ್ಲ. ಚುಚ್ಚಿದ್ದು ಅವಳಿಗೆ ತಿಳಿಯಿತೋ ಇಲ್ಲವೋ.

"ಇದರಿಂದ ಆರಾಮ ಆಗತಾಳ ಹೌದಲ್ರೀ?" ನಮ್ಮವರು ಕೇಳಿದರು.

"ಆ ಜ್ವರಕ್ಕ ಇದು ಔಷಧ ಅಲ್ರಿ," ಡಾಕ್ಟರು ಹೇಳಿದರು. "ಅದರ ಬೆನ್ನ ಹತ್ತಿ ಪುಪ್ಪುಸಕ್ಕ ಇಳದದ್ದಕ್ಕ ಔಷಧ. ಆ ಜ್ವರಕ್ಕ ಯಾರ ಕಡೆನೂ ಏನೂ ಇಲ್ಲ. ಮಿರಜಕ್ಕ ಒಯ್ದರ ಆಕ್ಸಿಜನ್ ಸಿಗತೈತಿ. ಆದರ ಇಷ್ಟ ದೂರ ಈಕೀನ್ನ ಹ್ಯಾಂಗ ಒಯ್ತೀರಿ?"

ಹೇಗೆ ಒಯ್ಯುವುದು ಎಂದು ಯೋಚಿಸುವಷ್ಟರಲ್ಲಿ ಅವಳಿಗೆ ಹೆರಿಗೆಯ ಬ್ಯಾನೆ ಶುರುವಾಯಿತು. ದಿನ ತುಂಬಿರಲಿಲ್ಲ. ದವಾಖಾನೆಯ ಹಿಂದಿನ ವರಾಂಡದಲ್ಲಿ ಒಂದು ಸೀರೆ ಅಡ್ಡ ಕಟ್ಟಿದರು. ನರ್ಸಬಾಯಿ, ಅತ್ತೆ, ಚಾಚಿ, ನಾನು. ಅವಳಿಗೆ ಕೂಗಲೂ ಉಸಿರಿರಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡವಳು ಒಮ್ಮೆ ಕಣ್ಣು ತೆರೆದು, "ವೈನಿ, ಆ ಸೂಜಿ ಬಂತೇನು?" ಎಂದು ಕೇಳಿದಳು. ನಾನು "ಬಂತು, ಬಂತು" ಎಂದೆ. ಅದನ್ನು ಕೇಳಿ ಅವಳು ತಲೆ ಆಡಿಸಿದಳು. ಸಂಜೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟೇ ಅಗಲದ್ದು, ಅಳುವುದಕ್ಕೂ ತ್ರಾಣವಿಲ್ಲದ್ದು. ಚಾಚಿ ತಮ್ಮ ಮಡಿಲಿನಿಂದ ಎಕ್ಕಿದ ಹತ್ತಿ ತೆಗೆದು, ಕೂಸನ್ನು ಅದರಲ್ಲಿ ಹುದುಗಿಸಿ ಎದೆಗೆ ಒತ್ತಿಕೊಂಡರು. ಅಷ್ಟು ಹತ್ತಿಯನ್ನು ಅವರು ಯಾವಾಗ ಕಟ್ಟಿಕೊಂಡು ಬಂದಿದ್ದರೋ ನಾನು ನೋಡಿಯೇ ಇರಲಿಲ್ಲ.

ಡಾಕ್ಟರು ಮತ್ತೆ ಬಂದರು. ಮತ್ತೊಂದು ಸೂಜಿ ಹಾಕಿದರು. ಆಮೇಲೆ ಹಾಕಲು ಏನೂ ಉಳಿದಿರಲಿಲ್ಲ. ಆದರೂ ಅಲ್ಲಿಯೇ ನಿಂತಿದ್ದರು. ದೀಪ ಹಚ್ಚುವ ಮೊದಲು ನಾದಿನಿ ಹೋದಳು. ಅವಳ ಉಸಿರಿನ ಸದ್ದು ನಿಂತಾಗ ಆ ವರಾಂಡ ಎಷ್ಟು ಶಾಂತವಾಯಿತು ಎಂದರೆ, ಅಂಗಳದಲ್ಲಿ ಯಾರದೋ ಎತ್ತು ಮೆಲುಕು ಹಾಕುವುದು ಕೇಳಿಸಿತು. ಅತ್ತೆ ಮಗಳ ಮುಖ ಒರೆಸಿದರು, ಕೂದಲು ಸರಿ ಮಾಡಿದರು, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಇಟ್ಟರು. ಅವರ ಕಣ್ಣಲ್ಲಿ ನೀರು ಬರಲಿಲ್ಲ. ನಮ್ಮವರು ಅಂಗಳದ ಬೇವಿನ ಗಿಡಕ್ಕೆ ಹಣೆ ಹಚ್ಚಿ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಅಸಂಗಿಯಿಂದ ಅವಳ ಗಂಡ ಬಂದದ್ದು ಮಣ್ಣು ಕೊಡುವ ಹೊತ್ತಿಗೆ. ಅವನೂ ಜ್ವರದಿಂದ ಎದ್ದವನು, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೂಸನ್ನು ತೋರಿಸಿದರೆ ಮುಟ್ಟಲು ಹೆದರಿದ. "ನನ್ನ ಕೈಯಾಗಿನ ಜ್ವರ ಅದಕ್ಕ ಹತ್ತೀತು," ಎಂದು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದ.

ಕೂಸು ಉಳಿಯುತ್ತದೆ ಎಂದು ಯಾರಿಗೂ ಭರವಸೆ ಇರಲಿಲ್ಲ. ಚಾಚಿಯ ಸೊಸೆ ಎಳೆಯ ಬಾಣಂತಿ. ಅವಳು ತನ್ನ ಮಗನ ಜೊತೆ ಇದಕ್ಕೂ ಎದೆ ಕೊಟ್ಟಳು. ಮೊದಲು ಕೂಸಿಗೆ ಹೀರಲು ಶಕ್ತಿಯಿಲ್ಲದೆ, ಅವಳು ಹಾಲು ಹಿಂಡಿ ಕೊಡುತ್ತಿದ್ದಳು, ನಾನು ಹತ್ತಿಯ ಬತ್ತಿಯಿಂದ ತುಟಿಗೆ ಮುಟ್ಟಿಸುತ್ತಿದ್ದೆ. ಅತ್ತೆ ಆ ಹಾಲಿನ ಬಟ್ಟಲನ್ನು ತಾವೇ ದಿನಾ ಪಕ್ಕದ ಮನೆಯಿಂದ ತರುತ್ತಿದ್ದರು, ಸೆರಗು ಮುಚ್ಚಿಕೊಂಡು, ಒಂದು ಹನಿ ತುಳುಕದಂತೆ.

ಆ ಮಳೆಗಾಲದ ನಡುವೆ ಜ್ವರ ತಾನಾಗಿಯೇ ಹೋಯಿತು. ಯಾರೂ ಓಡಿಸಲಿಲ್ಲ. ಬಂದ ಹಾಗೆಯೇ ಹೋಯಿತು. ಶಾಲೆ ತೆರೆಯಿತು, ಬಿತ್ತಿದ್ದು ಮೊಳೆಯಿತು, ಅಂಗಡಿಯ ಕಟ್ಟೆಯ ಮೇಲೆ ಜನ ಬೇರೆ ಮಾತು ಆಡತೊಡಗಿದರು. ಸೂಜಿಯ ಸುದ್ದಿಯೂ ಪೇಪರಿನಲ್ಲಿ ಬರುವುದು ಕಡಿಮೆಯಾಯಿತು.

ಆ ಸೂಜಿ ಊರಿಗೆ ಬಂದದ್ದು ಸುಗ್ಗಿಯ ಹತ್ತಿರ. ಜತ್ತದ ಅದೇ ಡಾಕ್ಟರು ಜೀಪಿನಲ್ಲಿ ಬಂದು ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿ ಕೂತರು. ಡಂಗುರ ಹೊಡೆಸಿದರು. ಬಂದವರು ನಾಲ್ಕಾರು ಮಂದಿ. ಬ್ಯಾನಿ ಹೋದ ಮೇಲೆ ಯಾಕ ಬೇಕು ಎಂದು ಕೆಲವರು, ಇದನ್ನು ಹಾಕಿ ಮತ್ತೆ ಬ್ಯಾನಿ ತರುತ್ತಾರೆ ಎಂದು ಕೆಲವರು. ಕಟ್ಟೆಯ ಮೇಲೆ ಮಾತಾಡುತ್ತಿದ್ದ ಆ ಪಲ್ಟನದವರೂ ಬರಲಿಲ್ಲ, ಹೊಲದಲ್ಲಿ ಕೆಲಸವಿದೆ ಎಂದರು. ಮಾವ ಅಂಗಡಿಯಿಂದ ಏಳಲಿಲ್ಲ.

ಅತ್ತೆ ಕೂಸನ್ನು ನನ್ನ ಕೈಗೆ ಕೊಟ್ಟು, "ನಡಿ," ಎಂದರು.

ಡಾಕ್ಟರಿಗೆ ನಮ್ಮ ಗುರುತು ಹತ್ತಿತು. ಎದ್ದು ನಿಂತರು. ಕೂಸನ್ನು ನೋಡಿ, "ಅದೇ ಏನು?" ಎಂದು ಕೇಳಿ, ಬೆರಳಿನಿಂದ ಅದರ ಗಲ್ಲ ಮುಟ್ಟಿದರು. "ಇದಕ್ಕ ಬ್ಯಾಡ, ಭಾಳ ಸಣ್ಣದೈತಿ," ಎಂದರು.

"ಇದಕ್ಕಲ್ರಿ. ನನಗ ಹಾಕ್ರಿ," ಅತ್ತೆ ಹೇಳಿದರು.

"ಆಯಿ, ಈಗ ಬ್ಯಾನಿ ಸಾಥ ಹೋಗೈತಿ. ನಿಮ್ಮ ವಯಸ್ಸಿಗೆ ಜ್ವರಾ ಗಿರಾ ಬಂದೀತು. ಹಾಕಿಸ್ಕೊಳ್ಳಾಕ ಬೇಕಂತ ಇಲ್ಲ."

"ಹಾಕ್ರಿ."

ಡಾಕ್ಟರು ಸೂಜಿ ತಯಾರು ಮಾಡುತ್ತಿದ್ದಾಗ ಅತ್ತೆ ಕುಪ್ಪಸದ ತೋಳು ಮೇಲೆ ಸರಿಸುತ್ತ ಕೇಳಿದರು: "ಅವತ್ತ ಇದು ಇದ್ದಿತ್ತಂದ್ರ, ಆಕಿ ಉಳೀತಿದ್ಲೇನ್ರಿ?"

ಅವರು ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. "ಹೇಳಾಕ ಬರೂದಿಲ್ಲ ಆಯಿ," ಎಂದರು. "ಉಳದ್ರೂ ಉಳೀತಿದ್ಲು. ಇವತ್ತಿಗೂ ನನಗ ಗೊತ್ತಾಗಿಲ್ಲ."

ಅತ್ತೆ ತೋಳು ಚಾಚಿದರು. ಚುಚ್ಚುವಾಗ ಮುಖ ತಿರುಗಿಸಲಿಲ್ಲ. ಸೂಜಿ ಒಳಗೆ ಹೋಗುವುದನ್ನು ನೋಡುತ್ತ ಕೂತಿದ್ದರು. ಮನೆಗೆ ಬಂದು ಎಂದಿನಂತೆ ರೊಟ್ಟಿ ಬಡಿದರು. ಮರುದಿನ ತೋಳು ಬಾತು ಕೆಂಪಾಯಿತು, ಮೈ ಬಿಸಿಯಾಯಿತು. ಹಿತ್ತಲ ಕಡೆಯ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಬಿಸಿ ಉಪ್ಪಿನ ಗಂಟಿನಿಂದ ತೋಳಿಗೆ ಶಾಖ ಕೊಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವರ ಬೆನ್ನು ಅಲುಗುವುದು ಕಾಣಿಸಿತು. ಮಗಳು ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲು.

"ಭಾಳ ನೋಯತೈತೇನ್ರಿ ಅತ್ತಿ?" ಎಂದು ಕೇಳಿದೆ.

"ಹೂಂ," ಎಂದರು. "ಭಾಳ ನೋಯತೈತಿ."

ನಾನು ಗಂಟನ್ನು ಮತ್ತೆ ಕೆಂಡದ ಮೇಲೆ ಬಿಸಿ ಮಾಡಿ ತಂದು, ಅದೇ ಜಾಗಕ್ಕೆ ಇಟ್ಟೆ.